ಗೋಡೆಯ ಹಿಂದಿನ ಸೋಬಾನೆ

ನಮ್ಮೂರಲ್ಲಿ ಯಾರ ಮನೆ ಮದುವೆಯಾದರೂ ಚಪ್ಪರದ ಹಿಂದೆ, ಕೊಟ್ಟಿಗೆಯ ಗೋಡೆಗೆ ತಾಗಿಸಿ ಒಂದು ಗೋಣಿತಾಟು ಹಾಸುತ್ತಿದ್ದರು. ಅದು ಮಲ್ಲಾಜಮ್ಮನ ಜಾಗ. ಹೆಣ್ಣು ಗಂಡು ಹಸೆಮಣೆಗೆ ಬಂದು ಕೂತ ಕೂಡಲೇ ಚಪ್ಪರದೊಳಗಿಂದ ಯಾರಾದರೂ ಗೋಡೆಯ ಕಡೆ ತಿರುಗಿ, "ಸುರು ಮಾಡಮ್ಮಿ" ಎಂದು ಕೂಗುವರು. ಗೋಡೆಯಾಚೆಯಿಂದ ಸೋಬಾನೆ ಪದ ಏಳುವುದು. ಹರವೆ ಸುತ್ತಿನ ಹಳ್ಳಿಗಳಲ್ಲಿ ಅಂಥ ಗಂಟಲು ಇನ್ನೊಂದಿರಲಿಲ್ಲ. ಆ ಗಂಟಲು ಚಪ್ಪರದೊಳಗೆ ಬರಬಹುದಿತ್ತು, ಗಂಟಲಿನ ಒಡತಿ ಬರುವಂತಿರಲಿಲ್ಲ. ಊಟದ ಹೊತ್ತಿಗೆ ಅವಳ ಎಲೆಯನ್ನೂ ಅಲ್ಲಿಗೇ ಕಳಿಸುತ್ತಿದ್ದರು. ಅವಳ ಪಂಕ್ತಿಯಲ್ಲಿ ಇರುತ್ತಿದ್ದದ್ದು ಕೊಟ್ಟಿಗೆಯ ಎತ್ತು, ಎಮ್ಮೆ.

ಕಾರಣ, ಮಲ್ಲಾಜಮ್ಮ ಕೂಡಾವಳಿ ಹೆಂಗಸು. ಗಂಡ ಸತ್ತವಳಿಗೋ ಗಂಡ ಬಿಟ್ಟವಳಿಗೋ ನಮ್ಮ ಕುಲದಲ್ಲಿ ಎರಡನೇ ಸಲ ಧಾರೆ ಎರೆಯುವುದಿಲ್ಲ. ಹೊತ್ತು ಮುಳುಗಿದ ಮೇಲೆ, ಬಾಗಿಲ ಹೊರಗೆ ನಿಲ್ಲಿಸಿ, ಒಂದು ಸೀರೆ ಕೊಟ್ಟು ಒಬ್ಬನ ಜೊತೆ ಕೂಡಿಸುತ್ತಾರೆ. ಅದೇ ಕೂಡಾವಳಿ. ಅಲ್ಲಿಂದಾಚೆ ಅವಳು ಯಾರ ಮದುವೆಯಲ್ಲೂ ಹಸೆಯ ಹತ್ತಿರ ಸುಳಿಯುವಂತಿಲ್ಲ, ಆರತಿ ತಟ್ಟೆ ಮುಟ್ಟುವಂತಿಲ್ಲ, ಬಸುರಿಗೆ ಮಡಿಲು ತುಂಬುವಂತಿಲ್ಲ. ಕೂಡಿಕೊಂಡ ಗಂಡಸು ಮಾತ್ರ ಮಾರನೇ ದಿನವೇ ಎಲ್ಲರ ಸಾಲಲ್ಲಿ ಕೂತು ಉಣ್ಣಬಹುದು, ತಮ್ಮನ ಮದುವೆಗೆ ನಿಂತು ಯಜಮಾನಿಕೆ ಮಾಡಬಹುದು. ಈ ಕಟ್ಟಳೆ ಮಾಡಿದವರು ಯಾರೋ, ಅವರನ್ನು ಹೆತ್ತ ಹೊಟ್ಟೆ ತಣ್ಣಗಿರಲಿ ಎಂದು ನಾನು ಎಷ್ಟೋ ಸಲ ಹಲ್ಲು ಕಡಿದಿದ್ದೇನೆ.

ನಾನು ಆ ಊರಿನ ಅಂಗನವಾಡಿ ಟೀಚರು. ಮಲ್ಲಾಜಮ್ಮನಿಗಿಂತ ಒಂದೆರಡು ವರ್ಷ ದೊಡ್ಡವಳು. ನಮ್ಮಿಬ್ಬರ ಮನೆಗೂ ಒಂದೇ ಹಿತ್ತಲು.

ಅವಳೇನು ಕೂಡಾವಳಿಯನ್ನು ಬೇಡಿಕೊಂಡು ಹೋದವಳಲ್ಲ. ಗಂಡ ಸೋಮಯ್ಯ ಅರಿಸಿನದ ಹೊಲದಲ್ಲಿ ಹಾವು ಕಚ್ಚಿ ಸತ್ತಾಗ ಮಗಳು ಭಾನು ಇನ್ನೂ ಮೊಲೆ ಬಿಟ್ಟಿರಲಿಲ್ಲ. ವರ್ಷ ತುಂಬುವುದರೊಳಗೆ ಕುಲದ ಯಜಮಾನ ದೊಡ್ಡಬೀರಯ್ಯ ಚಾವಡಿಯಲ್ಲಿ ಮಾತೆತ್ತಿದ. ವಯಸ್ಸಿನ ಹೆಂಗಸು ಒಂಟಿಯಾಗಿದ್ದರೆ ಊರ ಗಂಡಸರ ಮನಸ್ಸು ಕೆಡುತ್ತದಂತೆ. ಕೆಡುವುದು ಗಂಡಸರ ಮನಸ್ಸು, ಮದ್ದು ಕುಡಿಸಿದ್ದು ಹೆಂಗಸಿಗೆ. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಲಾರಿಗೆ ಮೂಟೆ ಹೊರುತ್ತಿದ್ದ ರಂಗರಾಜು ಎಂಬವನನ್ನು ದೊಡ್ಡಬೀರಯ್ಯನೇ ಹುಡುಕಿ ತಂದ. ಸೀರೆಯನ್ನೂ ಅವನೇ ಕೈಯಾರೆ ಕೊಟ್ಟ. ರಂಗರಾಜು ಒಂದೂವರೆ ವರ್ಷ ಇದ್ದ. ಒಂದು ಬೆಳಿಗ್ಗೆ ಕೇರಳದ ಲಾರಿ ಹತ್ತಿ, "ಬತ್ತೇರಿ ಪ್ಯಾಟೆಗೆ ಓಗ್ಬುಟ್ಟು ಬತ್ತೀನಿ" ಎಂದವನು ಮತ್ತೆ ಬರಲಿಲ್ಲ. ಅಲ್ಲೇ ಯಾವಳನ್ನೋ ಕಟ್ಟಿಕೊಂಡಿದ್ದಾನೆಂದು ಲಾರಿಯವರು ಹೇಳಿದರು. ಗಂಡ ಹೋದ, ಕೂಡಾವಳಿ ಇವಳ ಮೈಮೇಲೆ ಉಳಿಯಿತು.

ಆಮೇಲೆ ಅವಳು ಅದೇ ಮಂಡಿಗೆ ಈರುಳ್ಳಿ ಆರಿಸಲು ಹೋಗಲಾರಂಭಿಸಿದಳು. ಕೊಳೆತದ್ದು ಒಂದು ಕಡೆ, ದಪ್ಪನದು ಒಂದು ಕಡೆ. ಸಂಜೆ ಬಸ್ಸಿಳಿದು ಬಂದರೆ ಹಿತ್ತಲಿಗೆಲ್ಲ ಈರುಳ್ಳಿ ವಾಸನೆ. ಹಾಗೆಯೇ ಭಾನುವನ್ನು ಬೆಳೆಸಿದಳು, ಎಸೆಸೆಲ್ಸಿ ಓದಿಸಿದಳು. ಊರ ಮದುವೆಗಳಲ್ಲಿ ಗೋಣಿತಾಟಿನ ಮೇಲೆ ಕೂತು ಹಾಡಿದಳು. ಕರೆದವರ ಮೇಲೆ ಒಂದು ದಿನವೂ ಮುನಿಯಲಿಲ್ಲ. ನನಗೇ ರೇಗುತ್ತಿತ್ತು. "ಅವರ ಮನೆ ಮದುವೆಗೆ ನೀನ್ಯಾಕೆ ಗಂಟಲು ಹರ್ಕೊಳ್ತೀಯೆ?" ಎಂದರೆ ಅವಳು ನಗುವಳು.

"ಓಗ್ಲಿ ಬುಡಕ್ಕ. ನನ್ ಕೂಸ್ನ ಮದ್ವೇಲಿ ಒಳ್ಗ ನಿಂತ್ಕಂಡ್ರೆ ಸಾಕು ನಂಗೆ. ಒಂದ್ ತೊಟ್ಟು ಧಾರೆ ನನ್ ಕೈಯಿಂದ ಎರುದ್ಬುಟ್ರೆ ಆಯ್ತು. ಇನ್ನೇನ್ ಬೇಕು?"

ಅವಳಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಅದೊಂದೇ. ಚಂದಕವಾಡಿಯ ಕಡೆಯಿಂದ ಭಾನುವಿಗೆ ಗಂಡು ಗೊತ್ತಾದ ಮೇಲಂತೂ ಹಗಲೂ ರಾತ್ರಿ ಅದೇ ಮಾತು. ಧಾರೆ ಎರೆಯಬೇಕಾದವರು ಯಾರೆಂದು ಕುಲ ಆಗಲೇ ತೀರ್ಮಾನಿಸಿಯಾಗಿತ್ತು. ಸತ್ತ ಸೋಮಯ್ಯನ ತಮ್ಮ ಮಾದೇಶ, ಅವನ ಹೆಂಡತಿ ಸೋಮಮ್ಮ. ಈ ಸೋಮಮ್ಮ ಭಾನುವಿಗೆ ಒಂದು ದಿನವೂ ತಲೆ ಬಾಚಿದವಳಲ್ಲ.

ತೊಂಬತ್ತಾರರ ದೀಪಾವಳಿ ಕಳೆದ ಮೇಲೆ ನನಗೆ ಮೇಲಿನಿಂದ ಹುಕುಂ ಬಂತು. ಬೆಂಗಳೂರಿನ ಯಾವುದೋ ಸಮಿತಿ ಗುಂಡ್ಲುಪೇಟೆಗೆ ಬರುತ್ತದೆ, ಮಹಿಳೆಯರ ಹಕ್ಕು ಮತ್ತು ಲಿಂಗ ಸಮಾನತೆಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ, ಪ್ರತಿ ಅಂಗನವಾಡಿಯಿಂದಲೂ ಹೆಂಗಸರನ್ನು ಕರೆತರಬೇಕು. ಅಭಿಪ್ರಾಯ ಇದ್ದವರನ್ನೋ ಇಲ್ಲದವರನ್ನೋ ಎಂದು ಹೇಳಿರಲಿಲ್ಲ, ಕುರ್ಚಿ ತುಂಬಿದರೆ ಸಾಕಿತ್ತು. ನಾನು ಮನೆಮನೆಗೆ ಹೋಗಿ ಕರೆದೆ. ಅರ್ಧ ಊರು ಬರುವುದಿಲ್ಲವೆಂದಿತು. ಯಾಕೆಂದು ಕೇಳಿದರೆ, "ಅದು ಲಿಂಗ ಕಟ್ಟೋರ ಮೀಟಿಂಗಂತಲ್ಲ ಟೀಚ್ರೆ, ಅವರವರು ಸಮ ಮಾಡ್ಕತರೆ, ನಮ್ಗ್ಯಾಕೆ?" ಎಂದರು. ಲಿಂಗ ಎಂದರೆ ಅದಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ನನಗೂ ನಗು, ಅವರಿಗೂ ನಾಚಿಕೆ. ಕೊನೆಗೆ ದೊಡ್ಡಬೀರಯ್ಯ ತನ್ನ ಲಾರಿ ಕೊಟ್ಟ, ಹೆಂಗಸರು ಹತ್ತಿದರು. ಅವನಿಗೆ ವೇದಿಕೆಯ ಮೇಲೆ ಕುರ್ಚಿ ಸಿಗುವುದಿತ್ತು, ಹಿಂದೆ ಮಂಡಲ ಪ್ರಧಾನನಾಗಿದ್ದವನು.

ಸಭೆ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಬಾಗಿಲಿಗೆ ಹಿಂದಿನ ದಿನದ ಮದುವೆಯ ಬಾಳೆಕಂದು ಇನ್ನೂ ಕಟ್ಟಿತ್ತು. ಮಲ್ಲಾಜಮ್ಮ ಹೊಸಿಲ ಹತ್ತಿರ ನಿಂತುಬಿಟ್ಟಳು.

"ನಾ ಇಲ್ಲೇ ಚಪ್ಲಿ ತಾವು ಕುಂತ್ಕತೀನಿ ಬುಡಕ್ಕ."

"ಮದುವೆ ಮುಗಿದು ಹೋಗಿದೆ ಕಣೆ. ಇವತ್ತು ಸರ್ಕಾರದ ಸಭೆ. ಒಳಗೆ ಬಾ" ಎಂದು ರಟ್ಟೆ ಹಿಡಿದು ಎಳೆದುಕೊಂಡು ಹೋದೆ. ಅವಳು ಕಾಲಿಟ್ಟ ಕಡೆಯೆಲ್ಲ ಯಾರಾದರೂ ಬೈಯುತ್ತಾರೇನೋ ಎಂದು ನೋಡುತ್ತ ನಡೆದಳು.

ಭಾಷಣಗಳಾದವು. ಗಂಡಸರೇ ಹೆಚ್ಚು ಮಾತಾಡಿದರು. ಆಮೇಲೆ ಸಮಿತಿಯ ಮೇಡಂ, ಬೆಳ್ಳಗಿನ ಹತ್ತಿ ಸೀರೆಯವರು, ಹಳ್ಳಿಯ ಹೆಂಗಸರು ಮೈಕಿನ ಮುಂದೆ ಬರಬೇಕೆಂದು ಬೇಡಿಕೊಂಡರು. ಯಾರೂ ಏಳಲಿಲ್ಲ. ನೋಡನೋಡುತ್ತಿದ್ದಂತೆ ಮಲ್ಲಾಜಮ್ಮ ಎದ್ದಳು. ನಾನು ಕಳಿಸಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳೇ ಹೋದಳು. ಮೈಕಿನ ಮುಂದೆ ನಿಂತ ಮೇಲೆ ಬಾಯಿ ಕಟ್ಟಿತು. ಮೇಡಂ ನಕ್ಕು, "ಹೆದರಬೇಡಿ ಅಮ್ಮ, ಮೊದಲು ಒಂದು ಹಾಡು ಹೇಳಿ, ಧೈರ್ಯ ಬರುತ್ತೆ" ಎಂದರು. ಅವಳು ಕಣ್ಣು ಮುಚ್ಚಿ ಒಂದು ಸೋಬಾನೆ ಹೇಳಿದಳು, ಹೆಣ್ಣನ್ನು ಹಸೆಗೆ ಕರೆಯುವ ಪದ. ಮೈಕ್ ಸೆಟ್ಟಿನ ನೀಲಕಂಠಸ್ವಾಮಿ ಗಡಬಡಿಸಿ ಟೇಪಿಗೆ ಹೊಸ ಕ್ಯಾಸೆಟ್ ಹಾಕಿ ಒತ್ತಿದ್ದನ್ನು ನಾನು ಕಂಡೆ. ಚೆನ್ನಾಗಿರುವ ಹಾಡು ಕಿವಿಗೆ ಬಿದ್ದರೆ ತುಂಬಿಕೊಳ್ಳುವುದು ಅವನ ಅಭ್ಯಾಸ.

ಹಾಡು ಮುಗಿದದ್ದೇ ಅವಳು ಉಸಿರು ತೆಗೆದುಕೊಳ್ಳದೆ ಕೇಳಿದಳು.

"ನಾನು ಕೂಡಾವಳಿ ಎಂಗ್ಸು ಕಣ್ರವ್ವ. ನನ್ ಮಗ್ಳ ಮದ್ವೆ ಬತ್ತಾ ಅದೆ. ಎತ್ತೋಳು ನಾನು. ನನ್ ಮಗ್ಳ ಧಾರೆ ನಾನ್ ಎರಿಬೋದಾ?"

ಮೇಡಮ್ಮಿಗೆ ಅರ್ಥವಾಗಲಿಲ್ಲ. ಪಕ್ಕದವರು ಕಿವಿಯಲ್ಲಿ ಹೇಳಿದ ಮೇಲೆ ಅವರ ಮುಖ ಕೆಂಪಾಯಿತು. ವೇದಿಕೆಯ ಮೇಲಿದ್ದ ದೊಡ್ಡಬೀರಯ್ಯನ ಕಡೆ ತಿರುಗಿ, "ನಿಮ್ಮ ಕುಲದ ಹಿರಿಯರು ಇಲ್ಲೇ ಇದ್ದಾರಂತಲ್ಲ, ಅವರೇ ಹೇಳಲಿ" ಎಂದರು. ಪತ್ರಿಕೆಯವರು ಕ್ಯಾಮೆರಾ ಎತ್ತಿದರು. ಕೊರಳಲ್ಲಿ ಸೇವಂತಿಗೆ ಹಾರ, ಮುಂದೆ ಸಾವಿರ ಕಣ್ಣು. ದೊಡ್ಡಬೀರಯ್ಯ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡ.

"ಎರಿ ಕಣವ್ವ, ಎರಿ! ಎತ್ತೋಳು ನೀನು. ನಿನ್ನ ಬ್ಯಾಡ ಅನ್ನಕೆ ನಾವ್ಯಾರು?"

ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದರೆ ಮೇಡಂ ಎರಡು ಸಲ ಕೈ ಎತ್ತಿ ನಿಲ್ಲಿಸಬೇಕಾಯಿತು. ಮಲ್ಲಾಜಮ್ಮ ಅಲ್ಲೇ ವೇದಿಕೆಯ ಕೆಳಗೆ ಅವನ ಕಾಲಿಗೆ ಬಿದ್ದಳು. ನನಗೂ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ವಾಪಸು ಬರುವಾಗ ಲಾರಿಯಲ್ಲಿ ಅವಳು ಹರವೆಯವರೆಗೂ ಹಾಡಿದಳು, ಮುಂದೆ ಡ್ರೈವರ್ ಪಕ್ಕ ಕೂತಿದ್ದ ದೊಡ್ಡಬೀರಯ್ಯ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.

ಮೂರನೇ ದಿನ ಚಾವಡಿಗೆ ಕರೆ ಬಂತು. ಹೆಂಗಸರು ಚಾವಡಿ ಹತ್ತುವಂತಿಲ್ಲವಾದ್ದರಿಂದ ಮಲ್ಲಾಜಮ್ಮ ಕೆಳಗೆ ಬೀದಿಯಲ್ಲಿ ನಿಂತಳು, ನಾನು ಅವಳ ಪಕ್ಕ. ದೊಡ್ಡಬೀರಯ್ಯ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲೆ ಅಡಿಕೆ ಮೆಲ್ಲುತ್ತ ಮೆಲ್ಲಗೆ ಮಾತಾಡಿದ.

"ಎರಿ ಅಂದಿದ್ದು ದಿಟ. ನಾನು ಆಡಿದ್ ಮಾತ ತಪ್ಪನಲ್ಲ. ಎರಿ. ಆದ್ರೆ ಕೂಡಾವಳಿ ಎಂಗ್ಸು ಎರುದ್ರೆ ಅದು ಧಾರೆ ಅಲ್ಲ ಕಣಮ್ಮಿ, ಬರೀ ನೀರು. ಧಾರೆ ಇಲ್ದೆ ಆದ ಮದ್ವೆಗೆ ಏನಂದಾರು? ಕೂಡಾವಳಿ ಅಂತರೆ. ನಿನ್ ಮಗಳೂ ಕೂಡಾವಳಿ ಸಾಲ್ಗೆ ಬತ್ತಳೆ. ಅವಳ ಮಕ್ಕಳೂ ಅದೇ ಸಾಲು. ಚಂದಕವಾಡಿಯವ್ರಿಗೆ ಏಳಿ ಕಳ್ಸಿವ್ನಿ. ನೀ ಎರುದ್ರೆ ಅವ್ರು ಬರಕ್ಕಿಲ್ಲ."

ಹೇಗಿದೆ ನೋಡಿ ನ್ಯಾಯ! ಕೊಟ್ಟ ಮಾತನ್ನೂ ಉಳಿಸಿಕೊಂಡ, ಅವಳ ಕೈಯನ್ನೂ ಕಡಿದ. ನನಗೆ ಮೈಯೆಲ್ಲ ಉರಿದುಹೋಯಿತು.

"ಅಲ್ಲಯ್ಯ, ಅವತ್ತು ಅಷ್ಟು ಜನರ ಮುಂದೆ ಮೈಕಲ್ಲಿ ಹೇಳಿದ್ದೇನಾಯ್ತು?" ಎಂದೆ.

"ನೀನು ಸರ್ಕಾರದ ಸಂಬ್ಳ ತಿನ್ನೋಳು ಕಣವ್ವ, ಮಕ್ಳಿಗೆ ಉಪ್ಪಿಟ್ ಬೇಯ್ಸು ಓಗು" ಎಂದ. ಚಾವಡಿಯ ಗಂಡಸರು ನಕ್ಕರು. ಮಲ್ಲಾಜಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಬಂದಳು.

ಅವಳಿಗೆ ಇನ್ನೂ ಒಂದು ಆಸೆ ಇತ್ತು, ಭಾನು ತನ್ನ ಪರ ನಿಲ್ಲುತ್ತಾಳೆ ಎಂದು. ಓದಿದ ಹುಡುಗಿ, ಪೇಪರ್ ನೋಡುವವಳು. ಆ ಸಭೆಯ ಸುದ್ದಿ ಪೇಪರಿನಲ್ಲಿ ಬಂದಾಗ ಅವ್ವನಿಗೆ ಓದಿ ಹೇಳಿದವಳೂ ಅವಳೇ. ಸಂಜೆ ಒಲೆಯ ಮುಂದೆ ಮಲ್ಲಾಜಮ್ಮ ಚಾವಡಿಯ ಮಾತನ್ನೆಲ್ಲ ಹೇಳಿದಳು. ಭಾನು ರೊಟ್ಟಿ ತಟ್ಟುತ್ತಿದ್ದಳು. ನಾನು ಹಿತ್ತಲ ಬಾಗಿಲಲ್ಲಿ ಕೂತಿದ್ದೆ.

"ನೀ ಏನಂತೀಯೆ ಕೂಸೆ? ಈ ಗಂಡು ಓದ್ರೆ ಓಗ್ಲಿ, ಇನ್ನೊಂದ್ ನೋಡನ" ಎಂದಳು ಅವ್ವ.

ಭಾನು ತಲೆ ಎತ್ತಲಿಲ್ಲ. "ಇನ್ನೊಂದು ಎಲ್ಲಿಂದ ಬತ್ತದವ್ವ? ಇದ್ನ ಕೇಳಿದ್ಮೇಲೆ ಯಾರ್ ಬತ್ತರೆ? ನೀ ಎರುದ್ರೆ ನಂಗೆ ಜಲ್ಮೆಲ್ಲ ಅಂಟ್ಕತದೆ. ನಾನು ಆ ಗೋಣಿತಾಟ್ ಮೇಲೆ ಕುಂತ್ಕಬೇಕಾ? ಮೈಕಲ್ಲಿ ಓಗಿ ಯಾಕ್ ಕೇಳ್ದೆ ನೀನು? ಯಾರ್ ಕೇಳು ಅಂದ್ರು? ನನ್ ಬುಟ್ಬುಡವ್ವ."

ಮಲ್ಲಾಜಮ್ಮ ಒಲೆಯ ಸೌದೆ ಹಿಂದಕ್ಕೆಳೆದು, ಉರಿ ಸಣ್ಣದು ಮಾಡಿ, "ರೊಟ್ಟಿ ಸೀಯ್ತದೆ, ತಿರುಗ್ಸು" ಎಂದಳು. ಬೆಳಿಗ್ಗೆ ಅವಳೇ ಚಾವಡಿಯ ಮುಂದೆ ಹೋಗಿ, "ನಾ ಎರಿಯಕ್ಕಿಲ್ಲ ಯಜಮಾನ್ರೆ, ನಿಮ್ ಇಷ್ಟದಂಗೆ ಮಾಡಿ" ಎಂದು ಹೇಳಿ ಮಂಡಿಗೆ ಹೋದಳು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಈ ನಡುವೆ ನೀಲಕಂಠಸ್ವಾಮಿ ಆ ಕ್ಯಾಸೆಟ್ಟನ್ನು ತಾನು ಮೈಕ್ ಕಟ್ಟಿದ ಮದುವೆಯಲ್ಲೆಲ್ಲ ಹಾಕತೊಡಗಿದ್ದ. ಹಾಡು ಮುಗಿಯುತ್ತಿದ್ದಂತೆ ಪಟ್ಟನೆ ಗುಂಡಿ ಒತ್ತಿ ನಿಲ್ಲಿಸುವನು. ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಯಾವ ಚಪ್ಪರಕ್ಕೆ ಹೋದರೂ ಮಲ್ಲಾಜಮ್ಮನ ಗಂಟಲು. ಜನರಿಗೂ ಅನುಕೂಲವಾಯಿತು. ಕ್ಯಾಸೆಟ್ಟಿಗೆ ಗೋಣಿತಾಟು ಹಾಸುವುದು ಬೇಡ, ಎಲೆ ಕಳಿಸುವುದು ಬೇಡ. ಅವಳನ್ನು ಹಾಡಲು ಕರೆಯುವುದನ್ನೇ ಊರು ನಿಲ್ಲಿಸಿತು. ಹೀಗೆ ಗೋಡೆಯ ಹಿಂದಿನ ಜಾಗವೂ ಹೋಯಿತು. ತನ್ನ ಅಭಿಪ್ರಾಯ ಹೇಳಿದ್ದಕ್ಕೆ ಅವಳಿಗೆ ಸಿಕ್ಕ ಫಲ ಇದು.

ಭಾನುವಿನ ಮದುವೆ ಮಾಘ ಮಾಸದಲ್ಲಿ, ಮಾದೇಶನ ಮನೆಯ ಮುಂದೆ. ಸೋಬಾನೆಗೆ ಹುಡುಗಿಯ ಅವ್ವನನ್ನಾದರೂ ಗೋಡೆಯ ಹಿಂದೆ ಕೂರಿಸೋಣವೇ ಎಂದು ಮಾದೇಶ ಕೇಳಿದನಂತೆ. "ಕ್ಯಾಸೆಟ್ ಅದಲ್ಲ, ಅವಳ್ಯಾಕ್ಲಾ? ಬೀಗರು ನೋಡುದ್ರೆ ಚೆಂದಾಗಿರಕ್ಕಿಲ್ಲ" ಎಂದನಂತೆ ದೊಡ್ಡಬೀರಯ್ಯ. ಇದನ್ನು ನನಗೆ ಹೇಳಿದವನು ಮಾದೇಶನೇ. ಒಳ್ಳೆಯ ಮನುಷ್ಯ, ಒಳ್ಳೆಯತನವನ್ನು ಒಂದು ದಿನವೂ ಹೊರಗೆ ತೆಗೆದವನಲ್ಲ.

ಮಲ್ಲಾಜಮ್ಮ ಕರೆಯದಿದ್ದರೂ ಬಂದಳು. ಬೆಳಗಿನ ಜಾವ ತಲೆಗೆ ನೀರು ಹಾಕಿಕೊಂಡು, ಮಂಡಿಯಿಂದ ತಂದ ಗೋಣಿಚೀಲವನ್ನು ತಾನೇ ಮಡಿಸಿ ಕೊಟ್ಟಿಗೆಯ ಗೋಡೆಗೆ ಹಾಸಿಕೊಂಡು ಕೂತಳು. ನಾನು ಚಪ್ಪರ ಬಿಟ್ಟು ಅವಳ ಹತ್ತಿರ ಹೋದೆ. ಗೋಡೆ ಎದೆಮಟ್ಟದ್ದು. ನಿಂತರೆ ಹಸೆ ಕಾಣುತ್ತದೆ, ಕೂತರೆ ಮಣ್ಣಿನ ಗೋಡೆ ಮಾತ್ರ. ಇಷ್ಟು ವರ್ಷ ಅವಳು ಹಾಡಿದ್ದು ಕೂತೇ. ಎದ್ದು ನೋಡೆಂದರೂ ಏಳಲಿಲ್ಲ.

"ನೀ ನೋಡ್ಕಂಡು ನಂಗೆ ಏಳಕ್ಕ, ಅಷ್ಟೇ ಸಾಕು" ಎಂದಳು. ನಾನು ನಿಂತು ನೋಡುತ್ತ ಹೇಳುತ್ತ ಹೋದೆ. ಭಾನುವಿಗೆ ಮೊಗ್ಗಿನ ಜಡೆ ಹಾಕಿದ್ದಾರೆ. ಗಂಡಿನ ಪೇಟ ದೊಡ್ಡದಾಯಿತು. ದೊಡ್ಡಬೀರಯ್ಯ ಮುಂದಿನ ಸಾಲಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಾನೆ.

ಹೆಣ್ಣು ಹಸೆಗೆ ಬಂದಳು. ನೀಲಕಂಠಸ್ವಾಮಿ ಕ್ಯಾಸೆಟ್ ಹಾಕಿದ. ತೆಂಗಿನಮರಕ್ಕೆ ಕಟ್ಟಿದ ಸ್ಪೀಕರಿನಿಂದ ಮಲ್ಲಾಜಮ್ಮನ ಗಂಟಲು ಊರ ಮೇಲೆಲ್ಲ ಹೋಯಿತು. ಅವಳು ಕೂತಲ್ಲೇ ತುಟಿ ಆಡಿಸಿದಳು. ಕ್ಯಾಸೆಟ್ಟಿನ ಜೊತೆಯಲ್ಲೇ, ಯಾರಿಗೂ ಕೇಳದ ಹಾಗೆ, ಮಗಳಿಗೆ ಸೋಬಾನೆ ಹೇಳುತ್ತಿದ್ದಳು. ಅಷ್ಟರಲ್ಲಿ ಮುಹೂರ್ತ ಬಂತೆಂದು ಐನೋರು ಅವಸರ ಮಾಡಿದರು. ಹೆಣ್ಣು ಗಂಡಿನ ಕೈ ಕೂಡಿಸಿ ತೆಂಗಿನಕಾಯಿ ಇಟ್ಟರು. ಮಾದೇಶ ಆ ಕೈಗಳ ಕೆಳಗೆ ತನ್ನ ಕೈ ಹಿಡಿದ, ಸೋಮಮ್ಮ ಹಾಲಿನ ಚೊಂಬು ಎತ್ತಿಕೊಂಡು ಯಾವಾಗ ಎರೆಯಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದಳು. ಜನರೆಲ್ಲ ಎದ್ದು ನಿಂತರು. ನೀಲಕಂಠಸ್ವಾಮಿಯೂ ಧಾರೆ ನೋಡಲು ಮೈಕ್ ಸೆಟ್ಟು ಬಿಟ್ಟು ಮುಂದಕ್ಕೆ ಬಂದ.

ಹಾಡು ಮುಗಿಯಿತು. ಅದನ್ನು ನಿಲ್ಲಿಸಲು ಅಲ್ಲಿ ಯಾರೂ ಇರಲಿಲ್ಲ.

"ನಾನು ಕೂಡಾವಳಿ ಎಂಗ್ಸು ಕಣ್ರವ್ವ" ಎಂದಿತು ಸ್ಪೀಕರು. "ನನ್ ಮಗ್ಳ ಮದ್ವೆ ಬತ್ತಾ ಅದೆ. ಎತ್ತೋಳು ನಾನು. ನನ್ ಮಗ್ಳ ಧಾರೆ ನಾನ್ ಎರಿಬೋದಾ?"

ಭಾನು ತಲೆ ಎತ್ತಿ ತೆಂಗಿನಮರದ ಕಡೆ ನೋಡಿದಳು. ದೊಡ್ಡಬೀರಯ್ಯನ ದವಡೆ ನಿಂತಿತು. ನನ್ನ ಪಕ್ಕದಲ್ಲಿ ಮಲ್ಲಾಜಮ್ಮ ಗೋಡೆ ಹಿಡಿದುಕೊಂಡು ಎದ್ದು ನಿಂತಳು. ನೀಲಕಂಠಸ್ವಾಮಿ ಜನರನ್ನು ತಳ್ಳಿಕೊಂಡು ಸೆಟ್ಟಿನ ಕಡೆ ಓಡುವಷ್ಟರಲ್ಲಿ ಸ್ಪೀಕರಿನಲ್ಲಿ ಯಜಮಾನರ ದನಿ ಬಂತು.

"ಎರಿ ಕಣವ್ವ, ಎರಿ!"

ಯಜಮಾನರ ಮಾತು ಕೇಳಿ ಅಭ್ಯಾಸವಾದ ಕೈ ಅದು. ಸೋಮಮ್ಮ ತಟ್ಟನೆ ಚೊಂಬು ಬಗ್ಗಿಸಿ ಎರೆದುಬಿಟ್ಟಳು.

"ಎತ್ತೋಳು ನೀನು. ನಿನ್ನ ಬ್ಯಾಡ ಅನ್ನಕೆ ನಾವ್ಯಾರು?" ಎಂದು ಸ್ಪೀಕರು ಕೇಳುತ್ತಿದ್ದಾಗ ಹಾಲು ಭಾನುವಿನ ಕೈಮೇಲೆ ಇಳಿದು ತಟ್ಟೆಗೆ ಬೀಳುತ್ತಿತ್ತು. ಹಿಂದೆಯೇ ಗುಂಡ್ಲುಪೇಟೆಯ ಚಪ್ಪಾಳೆ. ಚಪ್ಪಾಳೆ ಕೇಳಿದ ವಾಲಗದವರು ಗಟ್ಟಿಮೇಳ ಹೊಡೆದರು. ಗಟ್ಟಿಮೇಳ ಕೇಳಿದ ಜನ ಅಕ್ಷತೆ ಎರಚಿದರು. ನೀಲಕಂಠಸ್ವಾಮಿಯ ಕೈ ಗುಂಡಿಗೆ ತಾಗುವ ಹೊತ್ತಿಗೆ ಮದುವೆ ಆಗಿಹೋಗಿತ್ತು. ದೊಡ್ಡಬೀರಯ್ಯ ಮತ್ತೆ ಎಲೆ ಅಡಿಕೆ ಮೆಲ್ಲತೊಡಗಿದ.

ಭಾನು ಒಂದು ಸಲ ಗೋಡೆಯ ಕಡೆ ನೋಡಿದಳು. ಅವ್ವನ ತಲೆ ಕಂಡಿತೇನೋ, ಕೂಡಲೇ ತಲೆ ತಗ್ಗಿಸಿ ಸೆರಗಿನಲ್ಲಿ ಕೈಯ ಹಾಲು ಒರೆಸಿಕೊಂಡಳು.

ಮಲ್ಲಾಜಮ್ಮ ಕೆಳಗೆ ಕೂತಳು. ಅಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಯಾರೋ ಅವಳ ಪಾಲಿನ ಎಲೆ ತಂದು ಗೋಡೆಯ ಮೇಲಿಟ್ಟು, ಕೈಗೂ ಕೊಡದೆ ಹೋದರು. ಅವಳು ಅದನ್ನು ಇಳಿಸಿ ನನ್ನ ಕಡೆ ಸರಿಸಿ, ನಿಜವಾಗಿ ಗೊತ್ತಾಗಬೇಕೆಂದೇ ಕೇಳಿದಳು.

"ಅವತ್ತು ಅಷ್ಟೊಂದ್ ಜನ ಚಪ್ಪಾಳೆ ವಡುದ್ರಲ್ಲಕ್ಕ, ಅದು ನಂಗಲ್ವ? ಸೋಮಮ್ಮಂಗಾ?"